ಹಳೇ ಎತ್ತಿನ ಗಾಡಿಯ ತ್ರೀಡಿ ಮಾಡೆಲ್ ಮಾಡಿಸಬೇಕು ಅಂತಿರುವವರು ದಯವಿಟ್ಟು ಇದನ್ನು ಓದಿ

ಹಿತ್ತಲಲ್ಲೋ ಕೊಟ್ಟಿಗೆಯಲ್ಲೋ ಅಜ್ಜನ ಕಾಲದ ಮರದ ಗಾಡಿ ಇದೆ, ಗೆದ್ದಲು ತಿಂದು ಮುಗಿಸುವ ಮುಂಚೆ ಕಂಪ್ಯೂಟರಿನಲ್ಲಾದರೂ ಅದನ್ನು ಉಳಿಸಿಕೊಳ್ಳೋಣ ಎಂದು ಯೋಚಿಸುತ್ತಿರುವವರಿಗೆ ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮಾಡೆಲ್ ಕೈಗೆ ಬಂದ ಮೇಲೆ ಗಾಡಿಯ ಪಕ್ಕದಲ್ಲೇ ಕೂತು, ಟೇಪು ಹಿಡಿದು ತಾಳೆ ನೋಡಿ. ಅಲ್ಲಿಯ ತನಕ ಗಾಡಿಯ ಒಂದು ಗೂಟವನ್ನೂ ಕದಲಿಸಬೇಡಿ. ನಮ್ಮ ಮನೆಯಲ್ಲಿ ಹಾಗೆ ತಾಳೆ ನೋಡುವುದಕ್ಕೆ ಮುಂಚೆಯೇ ಗಾಡಿ ಹೋಯಿತು. ಈಗ ಗಾಡಿಯೂ ಇಲ್ಲ, ಅದರ ನಿಜವಾದ ದಾಖಲೆಯೂ ಇಲ್ಲ.

ಅದು ನಾಗಮಂಗಲದ ಕಡೆ ನಮ್ಮ ಊರಿನಲ್ಲಿ, ದೊಡ್ಡಪ್ಪನ ಕೊಟ್ಟಿಗೆಯಲ್ಲಿದ್ದ ಕಮಾನು ಗಾಡಿ. ಹಳ್ಳಿಕಾರ್ ಎತ್ತುಗಳ ಅಳತೆಗೆ ನೊಗ. ಸುಮಾರು ನಾಲ್ಕು ಮುಕ್ಕಾಲು ಅಡಿ ಎತ್ತರದ ಗಾಲಿ, ಜಾಲಿ ಮರದ್ದು. ಕಬ್ಬಿಣದ ಅಚ್ಚನ್ನು ಹೊತ್ತಿದ್ದು ದಿಂಡಿಗ ಮರದ ತೊಲೆ. ಒಂದೊಂದು ಗಾಲಿಗೆ 12 ಅರೆಕಾಲು, ಅಂದರೆ ಗಾಲಿಯ ನಡುವಿನಿಂದ ಅಂಚಿಗೆ ಹೋಗುವ ಕಡ್ಡಿ, ಸುತ್ತಲೂ ಗಾಲಿಯ ಅಂಚಾಗುವ 6 ತುಂಡು ಕಮಾನುಮರ, ಒಂದೊಂದು ತುಂಡಿಗೆ ಎರಡೆರಡು ಅರೆಕಾಲು. ಸಂತೆ, ಜಾತ್ರೆ, ಹೆಣ್ಣು ಕಳಿಸುವುದು, ಬಾಣಂತಿಯನ್ನು ಕರೆತರುವುದು ಎಲ್ಲಕ್ಕೂ ಅದೇ ಗಾಡಿ. ಅದನ್ನು ಮಾಡಿದ ಆಚಾರ್ರು ಪ್ರತಿ ಅರೆಕಾಲಿನ ಬುಡದಲ್ಲಿ ಉಳಿಯಿಂದ ಗೀರು ಹಾಕಿದ್ದರು. ಒಂದು ಗೀರು, ಎರಡು ಗೀರು, ಮೂರು ಗೀರು. ಅದೇ ಗೀರು ಗಾಲಿಯ ನಡುವಿನ ಗುಂಬದ ಮೇಲೂ ಇತ್ತು. ಯಾವ ಅರೆಕಾಲು ಯಾವ ತೂತಿಗೆ ಎಂಬ ಲೆಕ್ಕ ಅದು. ಕೈಯಲ್ಲಿ ಕೆತ್ತಿದ ಮರ ಒಂದರಂತೆ ಇನ್ನೊಂದು ಇರುವುದಿಲ್ಲ. ಪ್ರತಿಯೊಂದು ಕೂಡಿಕೆಯನ್ನೂ ಅದರದೇ ಜೋಡಿಗೆ ಹೊಂದಿಸಿ ಕೆತ್ತಿರುತ್ತಾರೆ. ಬಲಗಡೆ ಗಾಲಿಯ ಎರಡು ಅರೆಕಾಲನ್ನು ಮುಂದೆ ಯಾವಾಗಲೋ ಬದಲಾಯಿಸಿದ್ದರು. ಅವುಗಳ ಮೇಲಿನ ಉಳಿ ಏಟೇ ಬೇರೆ. ಬೇರೆ ಕೈಯ ಕೆಲಸ ಎಂದು ಮುಟ್ಟಿದರೇ ತಿಳಿಯುತ್ತಿತ್ತು.

ಕೊಟ್ಟಿಗೆ ಕೆಡವಿ ಮನೆ ಕಟ್ಟುವ ಮಾತು ಬಂದಾಗ ಗಾಡಿ ಎಲ್ಲಿಡುವುದು ಎಂಬ ಪ್ರಶ್ನೆ ಎದ್ದಿತು. ಆಗ ಬಂಧುಗಳ ಪೈಕಿ ಒಬ್ಬರು ಬೆಂಗಳೂರಿನ ಒಂದು ಸ್ಟುಡಿಯೊವನ್ನು ತೋರಿಸಿಕೊಟ್ಟರು. ಸ್ಟುಡಿಯೊದವರು ಬರೆದು ಕಳಿಸಿದ ಪ್ರಸ್ತಾವದಲ್ಲಿ ಹೀಗಿತ್ತು: ಫೋಟೊಗ್ರಾಮೆಟ್ರಿ (ಫೋಟೊಗಳಿಂದಲೇ ಆಕಾರ ಲೆಕ್ಕಹಾಕುವ ವಿಧಾನ) ಮೂಲಕ ಮಿಲಿಮೀಟರ್ ನಿಖರತೆಯ ಮಾಡೆಲ್, ಪ್ರತಿಯೊಂದು ಭಾಗವೂ ಬಿಡಿಬಿಡಿಯಾಗಿ, ಮುಂದೆ ಬೇಕೆಂದರೆ ಇದನ್ನೇ ನೋಡಿ ಗಾಡಿಯನ್ನು ಹೊಸದಾಗಿ ಮಾಡಿಸಬಹುದು. ಈ ಕೊನೆಯ ಮಾತನ್ನು ನಂಬಿಯೇ ಮನೆಯವರೆಲ್ಲ ಒಪ್ಪಿದ್ದು.

ಅವರು ಬಂದ ದಿನ ನಾನು ಊರಿನಲ್ಲಿರಲಿಲ್ಲ. ನಡೆದದ್ದನ್ನು ಆಮೇಲೆ ದೊಡ್ಡಮ್ಮ ಹೇಳಿದರು. ಮೊದಲು ಮಾಡಿದ ಕೆಲಸವೇ ಪ್ರೆಶರ್ ಪಂಪಿನಿಂದ ಗಾಡಿ ತೊಳೆದದ್ದು. ದೂಳಿದ್ದರೆ ಫೋಟೊ ಚೆನ್ನಾಗಿ ಬರುವುದಿಲ್ಲ ಎಂದರಂತೆ. ಗುಂಬದ ಸುತ್ತ ಎಷ್ಟೋ ವರ್ಷದಿಂದ ಗಟ್ಟಿಯಾಗಿ ಕೂತಿದ್ದ ಕೀಲೆಣ್ಣೆಯ ಪದರ ಹೋಯಿತು. ನೊಗ ಕಟ್ಟುವ ಉದ್ದನೆಯ ಮರವಾದ ಮೂಕಿಯ ಮೇಲೆ ಉಳಿದಿದ್ದ ಅರಿಶಿನ ಕುಂಕುಮದ ಕಲೆ ಹೋಯಿತು. ಗೆದ್ದಲು ಹಿಡಿದು ಮೆತ್ತಗಾಗಿದ್ದ ಹಲಗೆಯ ಅಂಚು ನೀರಿನ ರಭಸಕ್ಕೆ ಕಿತ್ತು ಬಂತು. ಕೆಲವು ಕಡೆ ಆಚಾರ್ರ ಗೀರುಗಳೂ ಅಳಿಸಿದವು. ಹಳೆಯ ಮರಕ್ಕೆ ಪಂಪಿನ ನೀರು ಬಿಡುವವರನ್ನು ಕಂಡರೆ ಅಲ್ಲಿಯೇ ತಡೆಯಿರಿ. ಮೆತ್ತನೆಯ ಬ್ರಷ್ಷು, ಒಣಗಿದ ಹತ್ತಿ ಬಟ್ಟೆ ಸಾಕು. ಕಬ್ಬಿಣ ಹೊಳೆಯುತ್ತದೆ, ಅದಕ್ಕೆ ಬಿಳಿ ಪುಡಿಯ ಸ್ಪ್ರೇ ಹೊಡೆಯುತ್ತೇವೆ ಎನ್ನುವವರೂ ಇದ್ದಾರೆ. ಅದನ್ನೂ ಒಪ್ಪಬೇಡಿ, ಮರದ ಸಂದಿಗೆ ಇಳಿದರೆ ತೆಗೆಯುವುದು ಕಷ್ಟ.

ಸ್ವಲ್ಪ ದಿನಕ್ಕೆ ಮಾಡೆಲ್ ಬಂತು. ಮೊಬೈಲಿನಲ್ಲಿ ತಿರುಗಿಸಿ ನೋಡಬಹುದಾಗಿತ್ತು, ಮೇಲುನೋಟಕ್ಕೆ ಚೆಂದವಾಗಿಯೇ ಇತ್ತು. ಇನ್ನು ಮೂಲ ಗಾಡಿಯನ್ನು ಇಟ್ಟುಕೊಳ್ಳುವ ಅಗತ್ಯವಿಲ್ಲ, ಎಲ್ಲ ವಿವರವೂ ಸುರಕ್ಷಿತವಾಗಿದೆ ಎಂದು ಅವರದೇ ಸಂದೇಶ. ಕೆಲಸದವರು ಕೊಟ್ಟಿಗೆ ಕೆಡವಲು ಬಂದು ನಿಂತಿದ್ದರು. ಗಾಲಿಗಳು ಯಾರದೋ ತೋಟದ ಮನೆಯ ಅಲಂಕಾರಕ್ಕೆ ಹೋದವು, ಉಳಿದ ಮರ ಒಲೆಗೆ ಹೋಯಿತು. ಫೋನಿನಲ್ಲಿ ದೊಡ್ಡಪ್ಪ ಹೇಳಿದ್ದು, "ಹೋಗ್ಲಿ ಬಿಡು ಮಗ, ಕಂಪ್ಯೂಟರ್‌ನಲ್ಲಿ ಭದ್ರವಾಗೈತಲ್ಲ." ಆ ಮಾತು ಇವತ್ತಿಗೂ ನನಗೆ ಸಂಕಟ ಕೊಡುತ್ತದೆ.

ನಾನು ಕೆಲಸದಲ್ಲಿ ಬ್ಲೆಂಡರ್ ಎಂಬ ತ್ರೀಡಿ ತಂತ್ರಾಂಶ ಬಳಸುತ್ತೇನೆ. ಊರಿಗೆ ಹೋಗಿ ಫೈಲನ್ನು ತೆಗೆಸಿಕೊಂಡು ಅದರಲ್ಲಿ ಹಾಕಿ ವೈರ್‌ಫ್ರೇಮ್ ನೋಟಕ್ಕೆ ಬದಲಿಸಿದೆ. ವೈರ್‌ಫ್ರೇಮ್ ಎಂದರೆ ಬಣ್ಣ, ಚಿತ್ರ ಎಲ್ಲ ಕಳಚಿ ಬರೀ ಗೆರೆಗಳ ಹಂದರ ತೋರಿಸುವ ನೋಟ. ಮಾಡೆಲ್ ಕೊಂಡವರು ಮೊದಲು ನೋಡಬೇಕಾದದ್ದೇ ಅದನ್ನು. ಅಲ್ಲಿ ಕಂಡದ್ದು ಇದು. ಎರಡು ಗಾಲಿ ಇರಲಿಲ್ಲ, ಒಂದೇ ಗಾಲಿಯ ಎರಡು ಪ್ರತಿ ಇತ್ತು. ಆ ಒಂದು ಗಾಲಿಯಲ್ಲೂ 12 ಅರೆಕಾಲು ಇರಲಿಲ್ಲ, ಒಂದನ್ನೇ ಮಾಡಿ ಸುತ್ತಲೂ ನಕಲು ಹೊಡೆದಿದ್ದರು. ಬದಲಾಯಿಸಿದ ಎರಡು ಅರೆಕಾಲಿನ ಸುಳಿವೇ ಇಲ್ಲ. ಅರೆಕಾಲುಗಳು ಗುಂಬದೊಳಗೆ ಸುಮ್ಮನೆ ತೂರಿಕೊಂಡಿದ್ದವು. ತೂತಿಲ್ಲ, ಕೂಡಿಕೆಯಿಲ್ಲ. 6 ತುಂಡಿನ ಕಮಾನುಮರದ ಬದಲು ಎಲ್ಲೂ ಒಡೆಯದ ಒಂದೇ ಬಳೆ. ಮರದ ನೆರಿಗೆ ಎಂದು ಹೊದಿಸಿದ್ದ ಚಿತ್ರ ನಮ್ಮ ಜಾಲಿಯದಲ್ಲ, ಎಲ್ಲಿಂದಲೋ ತಂದ ರೆಡಿಮೇಡ್ ಮರದ ಚಿತ್ರ. ಗಾಡಿಯ ಬಲ ಅರ್ಧ ಎಡ ಅರ್ಧದ ಕನ್ನಡಿ ಬಿಂಬ. ತಳದಲ್ಲಿ ಏನೂ ಇಲ್ಲ, ಒಂದು ಚಪ್ಪಟೆ ಹಾಳೆ. ಗಾಲಿ ಕಳಚದಂತೆ ಹಿಡಿಯುವ ಕಡಾಣಿ ಎಂಬ ವಸ್ತುವೇ ಇರಲಿಲ್ಲ. ಅದರ ಜಾಗದಲ್ಲಿ ಬಣ್ಣದ ಚುಕ್ಕೆ. ಕಡಾಣಿ ಇಲ್ಲದ ಬಂಡಿ ಮೂರಡಿಯೂ ಹೋಗದು ಎಂದು ಹಿರಿಯರು ಗಾದೆಯನ್ನೇ ಕಟ್ಟಿದ್ದಾರೆ. ನಿಖರ ಎಂದು ಕಾಸು ತೆಗೆದುಕೊಂಡವರಿಗೆ ಅದು ಕಣ್ಣಿಗೇ ಬಿದ್ದಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ನಷ್ಟ ಗಾಲಿಯ ತಗ್ಗು. ಮರದ ಗಾಡಿಯ ಗಾಲಿಯನ್ನು ಪಕ್ಕದಿಂದ ನೋಡಿದವರಿಗೆ ಗೊತ್ತಿರುತ್ತದೆ, ಅದು ಚಪ್ಪಟೆಯಾಗಿರುವುದಿಲ್ಲ. ಅರೆಕಾಲುಗಳು ಗುಂಬದಿಂದ ಹೊರಮುಖವಾಗಿ ಸ್ವಲ್ಪ ವಾಲಿರುತ್ತವೆ, ಇಡೀ ಗಾಲಿ ಆಳವಿಲ್ಲದ ತಟ್ಟೆಯ ಹಾಗಿರುತ್ತದೆ. ಎತ್ತು ನಡೆಯುವಾಗ ಗಾಡಿ ಅತ್ತಿತ್ತ ತೂಗುತ್ತದೆ. ಪ್ರತಿ ತೂಗಿಗೂ ಗುಂಬ ಗಾಲಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಗಾಲಿ ಚಪ್ಪಟೆಯಾಗಿದ್ದರೆ ಆ ತಳ್ಳಿಗೆ ಅರೆಕಾಲು ಬುಡದಲ್ಲಿ ಸಡಿಲಾಗುತ್ತಾ ಹೋಗುತ್ತದೆ. ವಾಲಿದ ಗಾಲಿ ಅದೇ ತಳ್ಳನ್ನು ಹಳಿಯ, ಅಂದರೆ ಗಾಲಿಗೆ ಸುತ್ತ ತೊಡಿಸಿದ ಕಬ್ಬಿಣದ ಪಟ್ಟಿಯ, ಮೇಲೆ ಹೊರಿಸಿ ತಡೆದುಕೊಳ್ಳುತ್ತದೆ. ಅಚ್ಚಿನ ತುದಿಯನ್ನೂ ಅದಕ್ಕೆ ತಕ್ಕ ಹಾಗೆ ತುಸು ಕೆಳಕ್ಕೆ ಇಳಿಸಿರುತ್ತಾರೆ. ಆಗ ನೆಲ ಮುಟ್ಟುವ ಕಡೆಯ ಅರೆಕಾಲು ನೆಟ್ಟಗೆ ನಿಂತು ಭಾರ ಹೊರುತ್ತದೆ. ಈ ವಾಲು ಎಷ್ಟು, ಅಚ್ಚಿನ ಇಳಿಜಾರು ಎಷ್ಟು ಎಂಬುದೇ ಆಚಾರ್ರ ವಿದ್ಯೆ. ನಮಗೆ ಸಿಕ್ಕ ಮಾಡೆಲ್ಲಿನಲ್ಲಿ ಗಾಲಿ ಸಪಾಟು, ಅಚ್ಚು ನೇರ.

ಹಳಿಯ ವಿಷಯವೂ ಹಾಗೇ. ಗಾಲಿಯ ಸುತ್ತಳತೆಗಿಂತ ಸ್ವಲ್ಪ ಚಿಕ್ಕದಾಗಿ ಹಳಿಯನ್ನು ಬೆಸೆದು, ಬೆರಣಿ ಸೌದೆಯ ಬೆಂಕಿಯಲ್ಲಿ ಕಾಯಿಸಿ, ಇಕ್ಕಳದಲ್ಲಿ ಹಿಡಿದು ಗಾಲಿಗೆ ಏರಿಸಿ, ಮರ ಹೊತ್ತಿಕೊಳ್ಳುವುದರೊಳಗೆ ನೀರು ಸುರಿಯುತ್ತಾರೆ. ಸುತ್ತಳತೆ ನಾಲ್ಕೂವರೆ ಮೀಟರ್ ಇರುವ ಕಬ್ಬಿಣದ ಹಳಿ 500 ಡಿಗ್ರಿಯಷ್ಟು ಹೆಚ್ಚು ಬಿಸಿಯಾದರೆ ಸುಮಾರು 27 ಮಿಲಿಮೀಟರ್ ಉದ್ದವಾಗುತ್ತದೆ. ತಣ್ಣಗಾಗುತ್ತಾ ಅಷ್ಟನ್ನೂ ಒಳಕ್ಕೆ ಎಳೆದುಕೊಳ್ಳುತ್ತದೆ. ಆ ಎಳೆತಕ್ಕೆ ಕಮಾನುಮರದ ತುಂಡುಗಳು ಒಂದಕ್ಕೊಂದು ಒತ್ತಿ, ಅರೆಕಾಲುಗಳು ಗುಂಬದೊಳಗೆ ಬಿಗಿದು, ಗಾಲಿ ಒಂದೇ ವಸ್ತುವಾಗುತ್ತದೆ. ಹಾಗೆ ಒತ್ತಿಕೊಳ್ಳಲೆಂದೇ ತುಂಡುಗಳ ನಡುವೆ ಮೊದಲು ಕೂದಲೆಳೆಯ ಸಂದು ಬಿಟ್ಟಿರುತ್ತಾರೆ. ಸಂದಿಲ್ಲದ ಒಂದೇ ಬಳೆಯನ್ನು ಮಾಡೆಲ್ ಎಂದು ಕೊಟ್ಟರೆ ಈ ಇಡೀ ಕಥೆಯೇ ಅಲ್ಲಿಲ್ಲ. ಅದನ್ನು ನೋಡಿ ಯಾವ ಬಡಗಿಯೂ ಗಾಡಿ ಕಟ್ಟಲಾರ.

ಇದು ಹೇಗಾಯಿತು ಎಂದು ಈಗ ನನಗೆ ಅರ್ಥವಾಗಿದೆ. ಫೋಟೊಗ್ರಾಮೆಟ್ರಿ ಒಳ್ಳೆಯ ವಿಧಾನವೇ. ಒಂದೇ ವಸ್ತುವಿನ ನೂರಾರು ಫೋಟೊ ತೆಗೆದು, ಅಕ್ಕಪಕ್ಕದ ಫೋಟೊಗಳಲ್ಲಿ ಶೇಕಡ 60ರಿಂದ 80ರಷ್ಟು ಭಾಗ ಒಂದೇ ಇರುವಂತೆ ನೋಡಿಕೊಂಡರೆ, ತಂತ್ರಾಂಶ ಅವುಗಳಿಂದ ಆಕಾರವನ್ನು ಲೆಕ್ಕಹಾಕುತ್ತದೆ. ಮೆಶ್‌ರೂಮ್‌ನಂಥ ಉಚಿತ ತಂತ್ರಾಂಶವೇ ಇದೆ. ಆದರೆ ಅದು ಕಾಣುವುದು ಹೊರಮೈಯನ್ನು ಮಾತ್ರ. ಕೂಡಿಕೆಯ ಒಳಗೆ ಏನಿದೆ ಎಂದು ಅದಕ್ಕೆ ತಿಳಿಯದು. ತೆಳ್ಳನೆಯ ಹಗ್ಗ, ಒಂದರ ಹಿಂದೊಂದು ಮರೆಯಾಗುವ ಅರೆಕಾಲು, ಸವೆದು ಹೊಳೆಯುವ ಹಳಿ, ಕತ್ತಲಾದ ತಳಭಾಗ ಇವೆಲ್ಲ ತೂತುತೂತಾಗಿ ಬರುತ್ತವೆ. ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ಫೋಟೊ ತೆಗೆಯದಿದ್ದರೆ ನಿಜವಾದ ಗಾತ್ರವೂ ಅದಕ್ಕೆ ಗೊತ್ತಾಗುವುದಿಲ್ಲ. ನಿಷ್ಠೆಯಿಂದ ಕೆಲಸ ಮಾಡುವವರು ಆ ತೂತುಗಳನ್ನು ತುಂಬಲು ನೆಲದ ಮೇಲೆ ಮಲಗಿ ಗಾಡಿಯ ಅಡಿಗೆ ಹೋಗುತ್ತಾರೆ, ದಪ್ಪ ಅಳೆಯುವ ಕ್ಯಾಲಿಪರ್ ಹಿಡಿಯುತ್ತಾರೆ, ಊರಿನ ಬಡಗಿಯನ್ನು ಕರೆದು ಕೇಳುತ್ತಾರೆ, ಕೈಯಿಂದಲೇ ಒಂದೊಂದು ಭಾಗವನ್ನು ಕಟ್ಟುತ್ತಾರೆ. ನಮ್ಮಲ್ಲಿಗೆ ಬಂದವರು ಸ್ಕ್ಯಾನ್ ಕೈಕೊಟ್ಟಾಗ ಸಿಕ್ಕಿದ್ದರಿಂದ ತುಂಬಿಸಿ, ಅದನ್ನು ಮುಚ್ಚಿಟ್ಟರು. ಮುಚ್ಚಿಟ್ಟದ್ದೇ ನನಗೆ ಕ್ಷಮಿಸಲಾಗದ್ದು. ಊಹೆ ಮಾಡಬಾರದೆಂದು ಯಾರೂ ಹೇಳುವುದಿಲ್ಲ, ಊಹೆಯನ್ನು ಊಹೆ ಎಂದು ಬರೆದಿಡಬೇಕು. ಪರಂಪರೆಯ ವಸ್ತುಗಳನ್ನು ಕಂಪ್ಯೂಟರಿನಲ್ಲಿ ರೂಪಿಸುವವರಿಗಾಗಿ ಇರುವ ಲಂಡನ್ ಚಾರ್ಟರ್ 2009ರ ಆವೃತ್ತಿಯಲ್ಲಿ ಇದನ್ನೇ ಕೇಳುತ್ತದೆ. ಯಾವುದಕ್ಕೆ ಆಧಾರವಿದೆ, ಯಾವುದು ಊಹೆ, ಯಾವ ನಿರ್ಧಾರವನ್ನು ಏಕೆ ತೆಗೆದುಕೊಂಡೆವು ಎಂಬುದು ಮಾಡೆಲ್ಲಿನ ಜೊತೆಗೇ ದಾಖಲಾಗಬೇಕು.

ಕಡೆಗೆ ಮೂಲ ಫೋಟೊಗಳನ್ನಾದರೂ ಕೊಡಿ, ನಾನೇ ಮತ್ತೆ ಮಾಡಿಕೊಳ್ಳುತ್ತೇನೆ ಎಂದು ಕೇಳಿದೆ. ಜಾಗ ಸಾಲದೆ ಅಳಿಸಿಬಿಟ್ಟಿದ್ದೇವೆ ಎಂಬ ಉತ್ತರ ಬಂತು. ಫೋಟೊ ಉಳಿದಿದ್ದರೆ ಅರ್ಧ ಗಾಡಿಯಾದರೂ ಉಳಿಯುತ್ತಿತ್ತು. ಅದಾದ ಮೇಲೆ ತ್ರೀಡಿ ಮಾಡೆಲ್ ಮಾರುವ ಒಂದು ತಾಣದಲ್ಲಿ ಅದೇ ಗಾಡಿ ಮಾರಾಟಕ್ಕಿರುವುದನ್ನು ಸ್ನೇಹಿತರೊಬ್ಬರು ತೋರಿಸಿದರು. ಅದೇ ಚುಕ್ಕೆಯ ಕಡಾಣಿ, ಅದೇ ನಕಲು ಗಾಲಿ, ಕೆಳಗೆ 'ಅಧಿಕೃತ ಭಾರತೀಯ ಗಾಡಿ' ಎಂಬರ್ಥದ ವಿವರಣೆ. ನಾಳೆ ಯಾವುದೋ ಆಟದಲ್ಲೋ ಪಾಠದಲ್ಲೋ ಮಕ್ಕಳು ಅದನ್ನು ನೋಡಿ ನಮ್ಮ ಗಾಡಿ ಹೀಗಿತ್ತು ಎಂದು ಕಲಿಯುತ್ತಾರೆ.

ಹೀಗಾಗಬಾರದೆಂದರೆ ಕರಾರು ಬರಹದಲ್ಲಿರಲಿ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿದ್ದು ಸಹಿಯಾಗಿರಬೇಕು. ಅವಧಿಯನ್ನು ನಮೂದಿಸದಿದ್ದರೆ 5 ವರ್ಷ ಎಂದೂ, ಪ್ರದೇಶ ನಮೂದಿಸದಿದ್ದರೆ ಭಾರತದೊಳಗೆ ಮಾತ್ರ ಎಂದೂ ಅದನ್ನು ಅರ್ಥ ಮಾಡಲಾಗುತ್ತದೆ. ಆದ್ದರಿಂದ ಅವಧಿಯನ್ನೂ ಪ್ರದೇಶವನ್ನೂ ಬರೆಸಿಕೊಳ್ಳಿ. ದುಡ್ಡು ಕೊಟ್ಟ ಮಾತ್ರಕ್ಕೆ ಮಾಡೆಲ್ ನಿಮ್ಮದಾಯಿತು ಎಂದುಕೊಳ್ಳಬೇಡಿ. ಮೂಲ ಫೋಟೊಗಳು, ಅಳತೆಯ ಪಟ್ಟಿ, ಕೆಲಸ ಮಾಡಿದ ಬ್ಲೆಂಡರ್ ಫೈಲು ಇವೆಲ್ಲ ನಿಮಗೆ ಸೇರಬೇಕು ಎಂದು ಕರಾರಿನಲ್ಲೇ ಬರಲಿ. ತಿರುಗಿಸಿ ನೋಡುವ ಜಿಎಲ್‌ಬಿ ಫೈಲೊಂದನ್ನೇ ಕೊಟ್ಟು ಕೈತೊಳೆದುಕೊಳ್ಳಲು ಬಿಡಬೇಡಿ.

ಬಂದವರಿಗೆ ಕೆಲಸ ಗೊತ್ತಿದೆಯೇ ಎಂದು ತಿಳಿಯಲು ಒಂದು ಪ್ರಶ್ನೆ ಕೇಳಿ ನೋಡಿ: ಎರಡು ಗಾಲಿಯನ್ನೂ ಬೇರೆಬೇರೆಯಾಗಿ ಮಾಡುತ್ತೀರಾ? ಎರಡೂ ಒಂದೇ ತಾನೇ ಎಂದರೆ ಅಲ್ಲಿಗೇ ನಿಲ್ಲಿಸಿ. ನಿಮ್ಮ ಅಳತೆಗಳನ್ನು ಅವರಿಗೆ ಕೊಡದೆ ಮೊದಲೇ ಬರೆದಿಟ್ಟುಕೊಳ್ಳಿ. ಅಚ್ಚಿನ ತುದಿಯಿಂದ ತುದಿಗೆ ಎಷ್ಟು, ಮೂಕಿಯ ಉದ್ದ ಎಷ್ಟು, ಗುಂಬದ ದಪ್ಪ ಎಷ್ಟು, ಅರೆಕಾಲಿನ ವಾಲು ಎಷ್ಟು ಎಂಬುದೆಲ್ಲ ಅದರಲ್ಲಿರಲಿ. ಮಾಡೆಲ್ ಬಂದ ದಿನ ಬ್ಲೆಂಡರಿನ ಅಳತೆಯ ಸಾಧನದಲ್ಲಿ ಅವೇ ಜಾಗಗಳನ್ನು ಅಳೆಯಿರಿ. ಬ್ಲೆಂಡರ್ ಉಚಿತ, ಇಷ್ಟು ಕೆಲಸವನ್ನು ಯಾರಾದರೂ ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಊರಿನಲ್ಲಿ ಗಾಡಿ ಕೆಲಸ ಬಲ್ಲ ಆಚಾರ್ರು ಯಾರಾದರೂ ಬದುಕಿದ್ದರೆ ಅವರನ್ನು ಕರೆಸಿ ಪರದೆಯ ಮೇಲೆ ತೋರಿಸಿ. ಅವರಿಗೆ ಕಂಪ್ಯೂಟರ್ ಗೊತ್ತಿರಬೇಕಾಗಿಲ್ಲ, ಗಾಲಿ ಸಪಾಟಾಗಿದ್ದರೆ ಮೊದಲ ನೋಟಕ್ಕೇ ಹೇಳುತ್ತಾರೆ. ಕೊನೆಯ ಕಂತಿನ ಹಣ ಈ ಪರೀಕ್ಷೆ ಮುಗಿದ ಮೇಲೆಯೇ.

ಈಗಾಗಲೇ ಹೀಗೆ ಮೋಸ ಹೋದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಅವರ ಊರಿಗೆ ಅಲೆಯಬೇಕಾಗಿಲ್ಲ. ಪ್ರಸ್ತಾವದ ಪ್ರತಿ, ಹಣ ಕೊಟ್ಟ ರಸೀದಿ, ವಾಟ್ಸಾಪ್ ಸಂದೇಶ, ವೈರ್‌ಫ್ರೇಮಿನ ಚಿತ್ರ ಎಲ್ಲವನ್ನೂ ಅಳಿಸದೆ ಇಟ್ಟುಕೊಳ್ಳಿ. ನಾವು ಕೂಡ ಅದನ್ನೇ ಜೋಡಿಸಿಕೊಳ್ಳುತ್ತಿದ್ದೇವೆ.