ಎರಡು ಮುಂಗಾರು ಬಳಸಿದ ಉಪಗ್ರಹ ಇಳುವರಿ ಸೇವೆ: ಕಾರಟಗಿಯ ಭತ್ತದ ಗದ್ದೆಯಿಂದ ಒಂದು ವಿಮರ್ಶೆ

ಕಾರಟಗಿಯ ಹತ್ತಿರ, ತುಂಗಭದ್ರಾ ಎಡದಂಡೆಯ ಉಪಕಾಲುವೆಯೊಂದರ ಕೊನೆಯಲ್ಲಿ ನಮ್ಮ ಆರು ಎಕರೆ ಭತ್ತದ ಗದ್ದೆ ಇದೆ. ಉಪಗ್ರಹ ಚಿತ್ರಗಳನ್ನು ನೋಡಿ ಬೆಳೆಯ ಸ್ಥಿತಿಯನ್ನೂ ಇಳುವರಿಯ ಅಂದಾಜನ್ನೂ ಮೊಬೈಲಿಗೆ ಕಳುಹಿಸುವ ಖಾಸಗಿ ಸೇವೆಯೊಂದಕ್ಕೆ 2024 ಮತ್ತು 2025ರ ಮುಂಗಾರಿನಲ್ಲಿ ಎಕರೆಗೆ 300 ರೂಪಾಯಿಯಂತೆ ಹಣ ಕಟ್ಟಿದ್ದೆ. ದೂರುವ ಮಾತುಗಳೂ ಇರುವುದರಿಂದ ಸಂಸ್ಥೆಯ ಹೆಸರು ಬರೆಯುತ್ತಿಲ್ಲ.

ಈ ಸೇವೆ ನೆಚ್ಚಿಕೊಂಡಿರುವುದು ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳನ್ನು. ಅವು ಐದು ದಿನಕ್ಕೊಮ್ಮೆ ನಮ್ಮ ನೆತ್ತಿಯ ಮೇಲೆ ಹಾದುಹೋಗುತ್ತವೆ. ಆರೋಗ್ಯವಂತ ಎಲೆ ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹಿಂದಕ್ಕೆ ಚೆಲ್ಲುತ್ತದೆ. ಎರಡರ ಅಂತರದಿಂದ ಎನ್‌ಡಿವಿಐ ಎಂಬ ಸೂಚ್ಯಂಕವನ್ನು ಲೆಕ್ಕ ಹಾಕಿ ಗದ್ದೆಗೆ ಹಸಿರು, ಹಳದಿ, ಕೆಂಪು ಬಣ್ಣ ತುಂಬುತ್ತಾರೆ. ಚಿತ್ರದ ಒಂದು ಚುಕ್ಕಿಯೆಂದರೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ, ಅಂದರೆ ಸರಿಸುಮಾರು ಒಂದು ಗುಂಟೆ. ಎಕರೆಗೆ 40 ಚುಕ್ಕಿಗಳು ಸಿಗುವಾಗ ದೊಡ್ಡ ಮಡಿಗೆ ಇದು ಸಾಕು. ಆದರೆ 12 ಗುಂಟೆಯ ಮಡಿಯಲ್ಲಿ ಹೆಚ್ಚಿನ ಚುಕ್ಕಿಗಳು ಬದುವನ್ನೂ ಪಕ್ಕದವರ ಪೈರನ್ನೂ ಸೇರಿಸಿಕೊಂಡೇ ಬರುತ್ತವೆ. ಅಂಥ ಮಡಿಯ ಬಣ್ಣವನ್ನು ನಾನು ನಂಬುವುದಿಲ್ಲ. ಮೂಲ ಚಿತ್ರಗಳು ಯಾರಿಗಾದರೂ ಉಚಿತವಾಗಿ ಸಿಗುತ್ತವೆ ಎಂಬುದನ್ನೂ ಹೇಳಬೇಕು. ನಾವು ಹಣ ಕೊಡುವುದು ಅವುಗಳನ್ನು ಓದಿ ಹೇಳುವುದಕ್ಕೆ.

ಆ ಓದು ಮೊದಲು ಎಡವಿದ್ದು ಮೋಡದಲ್ಲಿ. ನಾಟಿಯಾಗಿ ಪೈರು ತೆಂಡೆ ಒಡೆಯುವ, ಅಂದರೆ ಬುಡದಿಂದ ಹೊಸ ಕವಲು ಬಿಡುವ ಹೊತ್ತಿಗೇ ಆಕಾಶ ಮುಚ್ಚಿಕೊಂಡಿರುತ್ತದೆ. ಅದು ಯಾರ ತಪ್ಪೂ ಅಲ್ಲ. ಹಳೆಯ ಚಿತ್ರವನ್ನೇ ಇಟ್ಟುಕೊಂಡು, ಅದರ ತಾರೀಕನ್ನೂ ತೋರಿಸದೆ, ಹೊಸ ಸಲಹೆಯೆಂಬಂತೆ ಸಂದೇಶ ಕಳುಹಿಸುತ್ತಿದ್ದುದು ಮಾತ್ರ ತಪ್ಪು. ಸಹಾಯವಾಣಿಗೆ ಫೋನು ಮಾಡಿದಾಗ, "ಮೋಡ ಇದ್ರ ನಮಗೂ ಕಾಣಂಗಿಲ್ರಿ" ಎಂದ ಹುಡುಗನ ಪ್ರಾಮಾಣಿಕತೆ ಆ ಸಂದೇಶಗಳಲ್ಲಿ ಇರಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋಗಿ, ಕಾಲುವೆಗೆ ನೀರು ಉಳಿದೀತೋ ಇಲ್ಲವೋ ಎಂದು ನಾವೆಲ್ಲ ಕಂಗೆಟ್ಟಿದ್ದ ವಾರದಲ್ಲೂ "ಗದ್ದೆಗೆ ನೀರು ಕೊಡಿ" ಎಂಬ ಸೂಚನೆ ತಪ್ಪದೆ ಬಂದಿತ್ತು.

ಹಾಗಿದ್ದೂ ಎರಡನೆಯ ವರ್ಷ ಮತ್ತೆ ಹಣ ಕಟ್ಟಿದ್ದಕ್ಕೆ ದಕ್ಷಿಣದ ತುದಿಯ ಒಂದೂವರೆ ಎಕರೆ ಮಡಿ ಕಾರಣ. 2024ರ ಅಕ್ಟೋಬರಿನಲ್ಲಿ ಆಕಾಶ ತಿಳಿಯಾದ ಮೇಲೆ ಬಂದ ಮೂರು ಚಿತ್ರಗಳಲ್ಲೂ ಅದರ ಒಂದು ಮೂಲೆ ಹಳದಿಯಾಗಿಯೇ ಉಳಿಯಿತು. ಎಕರೆಗೆ ಇನ್ನೊಂದು ಚೀಲ ಯೂರಿಯಾ ಹಾಕಬೇಕೆಂದು ಆ್ಯಪ್ ಹೇಳಿತು. ಹೋಗಿ ನೋಡಿದರೆ ಪೈರು ತೆಂಡೆ ಒಡೆಯದೆ ಸಣಕಲಾಗಿ ನಿಂತಿತ್ತು, ಎಲೆಯ ತುದಿ ಸುಟ್ಟಂತೆ ಒಣಗಿತ್ತು, ನೀರು ಇಳಿದ ಬದುವಿನ ಅಂಚಿನಲ್ಲಿ ಉಗುರಿನಿಂದ ಕೆರೆದರೆ ಬರುವಷ್ಟು ಬಿಳಿ ಪದರ ಕಟ್ಟಿತ್ತು. ಮಣ್ಣು ಪರೀಕ್ಷೆ ಮಾಡಿಸಿದಾಗ ರಸಸಾರ (ಪಿಎಚ್) 8.9 ಬಂತು, ಉಪ್ಪಿನಂಶವೂ ಮಿತಿ ಮೀರಿತ್ತು. ಇದು ಸವಳು, ಯೂರಿಯಾ ಸುರಿದಿದ್ದರೆ ದುಡ್ಡು ನೀರಿಗೆ ಹೋಗುತ್ತಿತ್ತು. ಉಪಗ್ರಹಕ್ಕೆ ಹಸಿರು ಕಡಿಮೆ ಇರುವುದು ಕಾಣುತ್ತದೆಯೇ ಹೊರತು, ಸವಳೋ, ಸತುವಿನ ಕೊರತೆಯೋ, ಕಾಂಡಕೊರಕವೋ ಎಂಬುದು ಕಾಣುವುದಿಲ್ಲ.

ಕಟಾವಿನ ದಿನ ಆ ಮಡಿಗೆ ಇಳಿಯುವ ಮೊದಲು ಯಂತ್ರದ ಟ್ಯಾಂಕು ಖಾಲಿ ಮಾಡಿಸಿ, ಅದರ ಭತ್ತವನ್ನು ಬೇರೆಯಾಗಿ ತುಂಬಿಸಿದೆ. ಗಂಟೆಯ ಬಾಡಿಗೆಯ ಯಂತ್ರವಾದ್ದರಿಂದ ಚಾಲಕ ಮುಖ ಸಿಂಡರಿಸಿದ. ಆ ಮಡಿಗೆ ಎಕರೆಗೆ 75 ಕಿಲೋದ 19 ಚೀಲ ಬಂದವು, ಉಳಿದ ಮಡಿಗಳಿಗೆ 38. ಸೇವೆಯ ಅಂದಾಜು ಆ ಮಡಿಗೆ 31 ಚೀಲಕ್ಕೆ ಸಮನಾಗಿತ್ತು. ಬೇಸಿಗೆಯಲ್ಲಿ ಮೂಲೆಯಿಂದ ಬಸಿಗಾಲುವೆ ತೆಗೆಸಿ, ಪರೀಕ್ಷೆಯ ಪ್ರಕಾರ ಜಿಪ್ಸಂ ಹಾಕಿ, ಹಸಿರು ಗೊಬ್ಬರದ ಗಿಡವಾದ ಡಯಾಂಚ ಬೆಳೆದು ಮಣ್ಣಿಗೆ ಸೇರಿಸಿದೆವು. 2025ರಲ್ಲಿ ಅದೇ ಮಡಿ ಎಕರೆಗೆ 27 ಚೀಲ ಕೊಟ್ಟಿತು.

ಇನ್ನು ಆ ಅಂದಾಜಿನ ವಿಷಯ. ಸೇವೆ ಹೇಳುವುದು ಒಣ ಭತ್ತದ ಲೆಕ್ಕ. ಗದ್ದೆಯಲ್ಲಿ ನಾವು ತುಂಬುವುದು ಹಸಿ ಭತ್ತ. ಶೇಕಡಾ 22 ತೇವಾಂಶದ 75 ಕಿಲೋ ಚೀಲ ಶೇಕಡಾ 14ಕ್ಕೆ ಒಣಗಿದರೆ 68 ಕಿಲೋ ಉಳಿಯುತ್ತದೆ. ಒಂದೇ ದಿನ ಕೊಯ್ದ ನಮ್ಮ ಮಡಿಗಳನ್ನು ಪರಸ್ಪರ ಹೋಲಿಸಲು ಇದು ಅಡ್ಡಿಯಾಗದು, ಆದರೆ ಸೇವೆಯ ಅಂಕಿಯ ಪಕ್ಕದಲ್ಲಿಟ್ಟು ನೋಡುವಾಗ ಅಂದಾಜು ಇನ್ನಷ್ಟು ಉಬ್ಬಿದಂತಾಗುತ್ತದೆ. ಕಟಾವಿನ ನಂತರ ನಿಜವಾಗಿ ಎಷ್ಟು ಬಂತು, ತೇವ ಎಷ್ಟಿತ್ತು ಎಂದು ಆ್ಯಪ್ ಒಮ್ಮೆಯೂ ಕೇಳಲಿಲ್ಲ. ಕೇಳದೆ ಅದರ ಅಂದಾಜು ಸುಧಾರಿಸುವುದಾದರೂ ಹೇಗೆ? ಅಮೆರಿಕದ ಕಟಾವು ಯಂತ್ರಗಳಿಗೆ 1992ರಿಂದಲೇ ಇಳುವರಿ ಅಳೆಯುವ ಸಾಧನ ಮಾರಾಟಕ್ಕಿದೆ. ಕಾಳು ತಟ್ಟೆಗೆ ಬಡಿಯುವ ರಭಸದಿಂದ ತೂಕವನ್ನು ಅಂದಾಜು ಮಾಡಿ, ತೇವಾಂಶವನ್ನೂ ಜಿಪಿಎಸ್ ಜಾಗವನ್ನೂ ಜೊತೆಗೆ ಬರೆದಿಡುವ ಅಂಥ ಸಾಧನವನ್ನು ನಮ್ಮ ಗದ್ದೆಗೆ ಬಂದ ಯಾವ ಬಾಡಿಗೆ ಯಂತ್ರದಲ್ಲೂ ನಾನು ಕಂಡಿಲ್ಲ.

ಮುಂದಿನ ಮುಂಗಾರಿಗೆ ದಕ್ಷಿಣದ ಆ ಮಡಿಗೆ ಮಾತ್ರ ಹಣ ಕಟ್ಟುತ್ತೇನೆ. ಉಳಿದ ನಾಲ್ಕೂವರೆ ಎಕರೆಗೆ ಒಂದು ತೇವಾಂಶ ಮಾಪಕ ಕೊಂಡು, ಮಡಿವಾರು ಚೀಲ ಎಣಿಸಿ ಬರೆದಿಡುವುದೆಂದು ತೀರ್ಮಾನಿಸಿದ್ದೇನೆ.