ಬರೆಯುವ, ಆದರೆ ಉಚ್ಚರಿಸದ ಅಕ್ಷರ: ಫ್ರೆಂಚ್ ಅಡ್ಡಹೆಸರಿನ ವರದಿಯೊಂದರ ವಿಮರ್ಶೆ

ಮಗನ ಸಹೋದ್ಯೋಗಿಯಾಗಿರುವ ಫ್ರೆಂಚ್ ಸ್ನೇಹಿತರೊಬ್ಬರು ಕಳೆದ ದೀಪಾವಳಿಗೆ ದಾವಣಗೆರೆಯ ನಮ್ಮ ಮನೆಗೆ ಬಂದಿದ್ದರು. ಅವರ ಊರು ಉತ್ತರ ಫ್ರಾನ್ಸಿನ ಲಿಲ್. ಚೀಟಿಯ ಮೇಲೆ ಅವರು ಬರೆದುಕೊಟ್ಟ ಅಡ್ಡಹೆಸರನ್ನು ನಾನು ಅಕ್ಷರ ಕೂಡಿಸಿ 'ಲೆಫೆಬ್ವ್ರೆ' ಎಂದು ಓದಿದಾಗ, ನಡುವಿನ 'ಬಿ' ಅಕ್ಷರವನ್ನು ಬೆರಳಿನಿಂದ ಮುಚ್ಚಿ, 'ಲೆಫೆವ್ರ್' ಎಂದು ಹೇಳಿಕೊಟ್ಟರು. ಉಚ್ಚರಿಸದ ಅಕ್ಷರವನ್ನು ಬರೆಯುವುದೇಕೆ ಎಂಬ ಪ್ರಶ್ನೆ ಮನಸ್ಸಿನಲ್ಲೇ ಉಳಿದಿದ್ದರಿಂದ, ಅಡ್ಡಹೆಸರುಗಳ ಮೂಲವನ್ನೂ ಹರಡುವಿಕೆಯನ್ನೂ ತಿಳಿಸುವ ಜಾಲತಾಣವೊಂದಕ್ಕೆ 850 ರೂಪಾಯಿ ಕಟ್ಟಿ 12 ಪುಟಗಳ ವರದಿಯನ್ನು ತರಿಸಿಕೊಂಡೆ.

ವರದಿಯ ನಕ್ಷೆಗಳು ಚೆನ್ನಾಗಿವೆ. ಫ್ರಾನ್ಸಿನ ಸರ್ಕಾರಿ ಅಂಕಿಅಂಶ ಸಂಸ್ಥೆಯಾದ ಇನ್‌ಸೀಯ ಜನನದ ಲೆಕ್ಕಗಳನ್ನು ಆಧರಿಸಿ, 1891ರಿಂದ 1990ರವರೆಗಿನ ನೂರು ವರ್ಷಗಳನ್ನು 25 ವರ್ಷಗಳ 4 ಅವಧಿಗಳಾಗಿ ವಿಂಗಡಿಸಿ, ಜಿಲ್ಲೆವಾರು ಬಣ್ಣ ತುಂಬಿದ್ದಾರೆ. ಬೆಲ್ಜಿಯಂ ಗಡಿಗೆ ಹೊಂದಿದ ನಾರ್ ಜಿಲ್ಲೆ ಮತ್ತು ಅದರ ನೆರೆಯ ಪಾ-ದ-ಕಲೆ ಕಡುಬಣ್ಣದಲ್ಲಿವೆ, ದಕ್ಷಿಣಕ್ಕೆ ಇಳಿದಂತೆ ಬಣ್ಣ ತೆಳುವಾಗುತ್ತದೆ. ಫ್ರಾನ್ಸಿನ ಅತಿ ಸಾಮಾನ್ಯವಾದ ಮೊದಲ 20 ಅಡ್ಡಹೆಸರುಗಳಲ್ಲಿ ಇದೂ ಒಂದೆಂಬುದನ್ನು ವರದಿ ಸರಿಯಾಗಿಯೇ ಹೇಳಿದೆ.

ನನಗೆ ಬೇಸರ ತಂದದ್ದು ಹೆಸರಿನ ಮೂಲವನ್ನು ಕುರಿತ ಪುಟ. 'ಕಮ್ಮಾರ ಎಂದು ಅರ್ಥ' ಎಂಬ ಒಂದೇ ಸಾಲಿನಲ್ಲಿ ಅದು ಮುಗಿದುಹೋಗಿದೆ. ಲ್ಯಾಟಿನ್ನಿನ 'ಫಾಬೆರ್' ಹಳೆಯ ಫ್ರೆಂಚಿನಲ್ಲಿ 'ಫೆವ್ರ್' ಆಯಿತು. ಅಕ್ಕಸಾಲಿಗನಿಗೆ ಇಂದಿಗೂ ಬಳಕೆಯಲ್ಲಿರುವ 'ಓರ್ಫೆವ್ರ್' ಎಂಬ ಮಾತಿನಲ್ಲಿ ಆ ಹಳೆಯ ಪದ ಉಳಿದುಕೊಂಡಿದೆ. ಮಾತಿನಲ್ಲಿ ಬಿದ್ದುಹೋಗಿದ್ದ 'ಬಿ'ಯನ್ನು ಲ್ಯಾಟಿನ್ ಬಲ್ಲ ಬರಹಗಾರರು ಮೂಲಪದದ ನೆನಪಿಗಾಗಿ ಬರವಣಿಗೆಗೆ ಮರಳಿ ಸೇರಿಸಿದರು. ನಾನು ಹಣ ಕೊಟ್ಟು ಕೇಳಿದ ಪ್ರಶ್ನೆಗೆ ಇದೇ ಉತ್ತರ. ನಿಘಂಟುಗಳಲ್ಲಿ ಸುಲಭವಾಗಿ ಸಿಗುವ ಈ ಮಾತು ವರದಿಯಲ್ಲಿಲ್ಲ.

ಇನ್ನೂ ದೊಡ್ಡ ಕೊರತೆಯೆಂದರೆ, ಒಂದೇ ಬೇರಿನ ಹೆಸರುಗಳನ್ನು ಜೊತೆಗಿಟ್ಟು ನೋಡದಿರುವುದು. 'ಬಿ' ಇಲ್ಲದೆ ಬರೆಯುವ ಲೆಫೆವ್ರ್, ದಕ್ಷಿಣದ ಫಾಬ್ರ್, ಸವೋಯ್ ಕಡೆಯ ಫಾವ್ರ್ ಇವೆಲ್ಲವೂ ಫಾಬೆರ್‌ನಿಂದಲೇ ಬಂದವು. ಕೀಟವಿಜ್ಞಾನಿ ಜ್ಯಾನ್-ಆನ್ರಿ ಫಾಬ್ರ್ 1823ರಲ್ಲಿ ಹುಟ್ಟಿದ್ದು ದಕ್ಷಿಣದ ಅವೆರೋನ್ ಜಿಲ್ಲೆಯಲ್ಲಿ. ಅವರ ಹೆಸರಿನ ರೂಪವೂ ಆ ಸೀಮೆಯದೇ. ಬ್ರಿಟನಿಯ ಲೆ ಗಾಫ್ ಮತ್ತು ಆಲ್ಸಾಸಿನ ಶ್ಮಿತ್ ಬೇರೆ ಭಾಷೆಗಳ ಮಾತುಗಳಾದರೂ ಅರ್ಥ ಕಮ್ಮಾರನೇ. ನಮ್ಮ ಕಡೆ ಕಮ್ಮಾರ ಎಂಬ ಅಡ್ಡಹೆಸರಿನವರನ್ನಷ್ಟೇ ಎಣಿಸಿ ಕಂಬಾರ ಎಂಬುವರನ್ನು ಕೈಬಿಟ್ಟರೆ ಆ ಕಸುಬಿನ ಹೆಸರು ಎಷ್ಟು ಹರಡಿದೆಯೆಂಬುದು ಹೇಗೆ ತಿಳಿಯುವುದಿಲ್ಲವೋ, ಇಲ್ಲಿಯೂ ಹಾಗೆಯೇ ಆಗಿದೆ.

ಉಳಿದ ಪುಟಗಳಲ್ಲಿ ಮೂರನ್ನು 'ವಂಶದ ಲಾಂಛನ'ಕ್ಕೆ ಮೀಸಲಿಟ್ಟಿರುವುದು ಸರಿಯಲ್ಲ. ಲಾಂಛನ ಒಂದು ನಿರ್ದಿಷ್ಟ ಮನೆತನಕ್ಕೆ ಸೇರಿದ್ದೇ ಹೊರತು ಅಡ್ಡಹೆಸರಿಗಲ್ಲ. ಕುಳ, ಲಾಳ, ಕುಡುಗೋಲು ಬೇಕಾದ ಊರಿಗೆಲ್ಲ ಒಬ್ಬ ಕಮ್ಮಾರ ಬೇಕಿತ್ತು, ಆ ಊರಿನಲ್ಲಿ ಅವನನ್ನು ಗುರುತಿಸಲು ಕಸುಬಿನ ಹೆಸರೇ ಸಾಕಾಗುತ್ತಿತ್ತು. ಹೀಗೆ ರಕ್ತಸಂಬಂಧವಿಲ್ಲದ ಎಷ್ಟೋ ಮನೆಗಳಿಗೆ ಒಂದೇ ಹೆಸರು ನಿಂತಿತು. ಈ ಕಾರಣವನ್ನು ಬರೆಯಬೇಕಾದ ಜಾಗದಲ್ಲಿ ಸಿಂಹದ ಚಿತ್ರವಿರುವ ಗುರಾಣಿಯನ್ನು ಅಚ್ಚು ಹಾಕಿದ್ದಾರೆ.

ಆಕ್ಷೇಪ ಬರೆದು ಕಳುಹಿಸಿದ ಮೂರನೆಯ ದಿನ ಅರ್ಧ ಹಣ ಮರಳಿತು, ಪುಟ ಮಾತ್ರ ತಿದ್ದುಪಡಿಯಾಗಿಲ್ಲ. ನಕ್ಷೆಯ ಎರಡು ಹಾಳೆಗಳನ್ನು ಬೇರ್ಪಡಿಸಿ, ಕೆಳಗೆ ಕನ್ನಡದಲ್ಲಿ 'ಕಮ್ಮಾರ' ಎಂದು ಬರೆದು, ಆ ಸ್ನೇಹಿತರಿಗೆ ಕಳುಹಿಸಿದ್ದೇನೆ.