ಹೈ ವೋಲ್ಟೇಜ್ ಪ್ರೋಬ್: ಬರೀ ರೆಸಿಸ್ಟರ್ ಸಾಕೇ, ಕೆಪಾಸಿಟರೂ ಬೇಕೇ?

ಆಸಿಲೋಸ್ಕೋಪಿಗೆ (ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ತೋರಿಸುವ ಉಪಕರಣ) 1000:1 ಪ್ರೋಬನ್ನು, ಅಂದರೆ ವೋಲ್ಟೇಜನ್ನು ಸಾವಿರದ ಒಂದು ಪಾಲಿಗೆ ಇಳಿಸಿ ಕೊಡುವ ಅಳತೆಯ ಕಡ್ಡಿಯನ್ನು, ಮನೆಯಲ್ಲೇ ಕಟ್ಟುವವರಿಗೆ ಎರಡು ದಾರಿಗಳಿವೆ.

ಬರೀ ರೆಸಿಸ್ಟರುಗಳದ್ದು ಸುಲಭ. 10 ಮೆಗಾಓಮಿನ ಹತ್ತು ರೆಸಿಸ್ಟರುಗಳ ಸರಣಿ, ಕೆಳಗೆ ಸುಮಾರು 111 ಕಿಲೋಓಮ್. ಸ್ಕೋಪಿನ ಒಳಗಿನ 1 ಮೆಗಾಓಮ್ ರೋಧ ಸಮಾಂತರವಾಗಿ ಸೇರಿದಾಗ ಅದು 100 ಕಿಲೋಓಮ್ ಆಗುತ್ತದೆ. ಡಿಸಿ ಅಳೆಯಲು ಇಷ್ಟು ಸಾಕು. ಆದರೆ ಕೇಬಲ್ ಮತ್ತು ಸ್ಕೋಪಿನ ಕೆಪಾಸಿಟೆನ್ಸ್ 100 ಪಿಕೋಫ್ಯಾರಡ್ ಇದ್ದರೂ ಸುಮಾರು 16 ಕಿಲೋಹರ್ಟ್ಸಿನಲ್ಲೇ ಸಿಗ್ನಲ್ ಕುಗ್ಗತೊಡಗುತ್ತದೆ. ಪಲ್ಸಿನ ಚೂಪು ಅಂಚು ಮೊಂಡಾಗಿ ಕಾಣುತ್ತದೆ.

ಅಲೆಯ ಆಕಾರ ನೋಡಬೇಕಾದರೆ ಕೆಪಾಸಿಟರ್ ಬೇಕೇ ಬೇಕು. ಪ್ರತಿ ರೆಸಿಸ್ಟರಿಗೂ 10 ಪಿಕೋಫ್ಯಾರಡ್ ಸಮಾಂತರವಾಗಿಟ್ಟರೆ ಒಟ್ಟು 1 ಪಿಕೋಫ್ಯಾರಡ್. ಅದೇ 1000:1 ಅನುಪಾತ ಉಳಿಯಲು ಕೆಳಗೆ ಕೇಬಲ್ ಮತ್ತು ಸ್ಕೋಪಿನದ್ದೂ ಸೇರಿ ಸುಮಾರು 1000 ಪಿಕೋಫ್ಯಾರಡ್ ಇರಬೇಕು. ಟ್ರಿಮ್ಮರ್ (ಬೆಲೆ ಬದಲಿಸಬಹುದಾದ ಪುಟ್ಟ ಕೆಪಾಸಿಟರ್) ತಿರುಗಿಸಿ ಚೌಕಾಕಾರದ ಅಲೆಯನ್ನು ನೇರ್ಪಡಿಸುವುದು ತಾಳ್ಮೆಯ ಕೆಲಸ. ಕೈ ಹತ್ತಿರ ತಂದರೂ ಹೊಂದಾಣಿಕೆ ಕೆಡುತ್ತದೆ. ಆದರೂ ನನ್ನ ಮತ ಇದಕ್ಕೇ.

ಎರಡರಲ್ಲೂ ಬಿಡಿಭಾಗಗಳ ವೋಲ್ಟೇಜ್ ಮಿತಿ ನೋಡಿ. 10 ಕಿಲೋವೋಲ್ಟಿನಲ್ಲಿ ಒಟ್ಟು ಶಾಖ 1 ವ್ಯಾಟ್ ಮಾತ್ರ, ಆದರೆ ಪ್ರತಿ ರೆಸಿಸ್ಟರಿನ ಮೇಲೂ 1000 ವೋಲ್ಟ್ ಬೀಳುತ್ತದೆ. ಸಾಮಾನ್ಯ ಕಾಲು ವ್ಯಾಟಿನದು ಇದನ್ನು ತಡೆಯದು. ಕೆಳಗಿನ ರೆಸಿಸ್ಟರಿನ ಬೆಸುಗೆ ಬಿಟ್ಟರೆ ಸ್ಕೋಪಿನ ಇನ್‌ಪುಟ್ ಹಾಳಾಗಬಹುದು. ಅಲ್ಲೊಂದು ಗ್ಯಾಸ್ ಡಿಸ್ಚಾರ್ಜ್ ಟ್ಯೂಬ್ (ವೋಲ್ಟೇಜ್ ಮಿತಿ ಮೀರಿದರೆ ಅದನ್ನು ನೆಲಕ್ಕೆ ಹರಿಸುವ ರಕ್ಷಕ) ಇರಲಿ. ಮೈಕ್ರೋವೇವ್ ಒಲೆಯ ಟ್ರಾನ್ಸ್‌ಫಾರ್ಮರಿನಂಥ ಪ್ರಾಣಾಂತಿಕ ಮೂಲಕ್ಕಂತೂ ಎರಡೂ ಬೇಡ, ಪ್ರಮಾಣೀಕೃತ ಪ್ರೋಬನ್ನೇ ಕೊಳ್ಳಿ.